ಅಡ್ಮಿಟ್ ಆದ್ರೆ ಆರಾಮ, ಮನೆಗೆ ಹೋದ್ರೆ ಜ್ವರ

ಶಿರಸಿಯಲ್ಲಿ ಎದೆರೋಗದ ಓಪಿಡಿ ನೋಡೋನು ನಾನು. ಮಳೆಗಾಲದಲ್ಲಿ ಜ್ವರ, ಕೆಮ್ಮು, ದಮ್ಮು ಅಂತ ಯಾರೇ ಬಂದ್ರೂ ತಲೆ ಓಡೂದು ನ್ಯುಮೋನಿಯಾ, ಇಲಿಜ್ವರ, ಟಿಬಿ ಕಡೆಗೇ. ಐವತ್ತು ದಾಟಿದ ಅಡಿಕೆ ತೋಟದ ಯಜಮಾನ್ರೊಬ್ರು ಎರಡು ತಿಂಗಳಲ್ಲಿ ಮೂರು ಸಲ ಅಡ್ಮಿಟ್ ಆದ್ರು. ಬೀಡಿ ಸಿಗರೇಟು ಇಲ್ಲ, ಕವಳ (ಎಲೆಅಡಿಕೆ) ಮಾತ್ರ. ಎಕ್ಸ್‌ರೇಲಿ ಎರಡೂ ಕಡೆ ಮಬ್ಬು, ರಕ್ತದ ಆಕ್ಸಿಜನ್ ಇಳಿದು 88%, ಕಫದ ಟಿಬಿ ಪರೀಕ್ಷೆ ಸಿಬಿನ್ಯಾಟ್ ನೆಗೆಟಿವ್. ಆಂಟಿಬಯಾಟಿಕ್ ಹಾಕಿದೆ, ನಾಲ್ಕು ದಿನಕ್ಕೆ ಎದ್ದು ಓಡಾಡಿದ್ರು, ನಾನೂ ನನ್ನ ಔಷಧಿ ತಾಗ್ತು ಅಂತ ಬೀಗಿದೆ. ಎರಡನೇ ಸಲನೂ ಅದೇ ಕಥೆ, ಇಂಜೆಕ್ಷನ್ ಮಾತ್ರ ಜಾಸ್ತಿ ರೇಟಿಂದು.

ಮೂರನೇ ಸಲ ರೌಂಡ್ಸಲ್ಲಿ ಅವ್ರ ಹೆಂಡ್ತಿ ಅಂದ್ರು, "ಡಾಕ್ಟ್ರೆ, ಇವ್ರಿಗೆ ಇಲ್ಲಿ ಮಲಗಿದ್ರೇ ಆರಾಮ ಆಗ್ತದೆ, ಮನೆಗೆ ಹೋಗಿ ಅಟ್ಟದಿಂದ ಹುಲ್ಲು ಇಳಿಸಿದ್ರೆ ರಾತ್ರಿಗೆ ಚಳಿಜ್ವರ."

ಡಯಾಗ್ನೋಸಿಸ್ ಅವ್ರೇ ಮಾಡಿ ಕೊಟ್ಟಿದ್ರು ಮಾರಾಯ್ರೆ. ಹಳೇ ಫಿಲಂ ತೆಗೆದು ನೋಡಿದೆ, ನ್ಯುಮೋನಿಯಾದ ಮಬ್ಬು ಪೂರ್ತಿ ಹೋಗ್ಲಿಕ್ಕೆ ವಾರಗಟ್ಟಲೆ ಬೇಕು, ಇವ್ರದ್ದು ಐದು ದಿನಕ್ಕೇ ತಿಳಿಯಾಗಿತ್ತು, ಅದನ್ನ ಕಂಡೂ ಗುಣ ಆಯ್ತಲ್ಲ ಅಂತ ಬಿಟ್ಟಿದ್ದೆ.

ಸರಿ ಒಣಗದ ಹುಲ್ಲು ಅಟ್ಟ ಸೇರಿದ್ರೆ ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡೀತದೆ, ಕೆದಕಿದಾಗ ಏಳೋ ಧೂಳು ಕೆಲವ್ರ ಶ್ವಾಸಕೋಶಕ್ಕೆ ಆಗೂದಿಲ್ಲ, 4ರಿಂದ 8 ಗಂಟೆ ಬಿಟ್ಟು ಜ್ವರ, ಒಣಕೆಮ್ಮು, ದಮ್ಮು. ಸೋಂಕಲ್ಲ, ಒಂಥರಾ ಅಲರ್ಜಿ. ಫಾರ್ಮರ್ಸ್ ಲಂಗ್ ಅಂತಾರೆ. ಆಂಟಿಬಯಾಟಿಕ್ಕಿಗೂ ಇದಕ್ಕೂ ಸಂಬಂಧವೇ ಇಲ್ಲ, ಗುಣ ಮಾಡಿದ್ದು ಹುಲ್ಲಿಲ್ಲದ ನಮ್ಮ ವಾರ್ಡು! ಎಚ್‌ಆರ್‌ಸಿಟಿ ಸ್ಕ್ಯಾನಲ್ಲಿ ಮಸುಕು ಚುಕ್ಕೆಗಳು, ನಡುನಡುವೆ ಗಾಳಿ ಸಿಕ್ಕಾಕ್ಕೊಂಡ ಕಪ್ಪು ಜಾಗ. ಸ್ಪೈರೋಮೆಟ್ರಿಲಿ, ಅಂದ್ರೆ ಊದಿಸಿ ನೋಡೋ ಪರೀಕ್ಷೆಲಿ, ಸಿಒಪಿಡಿ (ಶ್ವಾಸನಾಳ ಕಿರಿದಾಗೋ ದೀರ್ಘಕಾಲದ ರೋಗ) ಆಗಿದ್ರೆ ಊದಿದ ಒಟ್ಟು ಗಾಳಿಲಿ ಮೊದಲ ಸೆಕೆಂಡಿನ ಪಾಲು 0.7ಕ್ಕಿಂತ ಕೆಳಗೆ ಇಳೀಬೇಕು, ಇವ್ರದ್ದು ಪಾಲು ಸರಿ ಇದೆ, ಊದಿದ ಒಟ್ಟು ಗಾಳಿಯೇ ಕಮ್ಮಿ. ಟಿಬಿ ಇಲ್ಲ ಅಂತ ಇನ್ನೊಮ್ಮೆ ಖಾತ್ರಿ ಮಾಡ್ಕೊಂಡು ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿ, ಕೆಲವು ವಾರದಲ್ಲಿ ನಿಧಾನ ಇಳಿಸಿದೆ.

ಆದ್ರೆ ಮಾತ್ರೆಗಿಂತ ಹುಲ್ಲಿಂದ ದೂರ ಇರೂದೇ ಮುಖ್ಯ, ವರ್ಷಗಟ್ಟಲೆ ಹಿಂಗೇ ಧೂಳು ಕುಡಿದ್ರೆ ಶ್ವಾಸಕೋಶ ಗಾಯದ ಕಲೆ ಥರ ಗಟ್ಟಿಯಾಗ್ತದೆ, ಅದು ವಾಪಸ್ ಬರೂದಿಲ್ಲ. ದನ ಮಾರಿ ಅಂದ್ರೆ ಮಾರ್ತಾರಾ? ಹೇಳ್ಲೂ ಇಲ್ಲ. ಅಟ್ಟದ ಕೆಲಸ ಮಗ ಮಾಡೂದು, ಹುಲ್ಲು ಚೆನ್ನಾಗಿ ಒಣಗಿಸೂದು, ಕೊಟ್ಟಿಗೆಗೆ ಹೋದ್ರೆ ಎನ್95 ಮಾಸ್ಕು, ಇಷ್ಟಕ್ಕೆ ಒಪ್ಪಂದ ಆಯ್ತು.

ಮೂರು ತಿಂಗಳು ಬಿಟ್ಟು ಬಂದಾಗ ದಮ್ಮಿಲ್ಲ, ತಕರಾರು ಮಾತ್ರ ಒಂದಿತ್ತು, "ಮಾಸ್ಕ್ ಹಾಕ್ಕೊಂಡು ಕವಳ ಉಗುಳೂದು ಹ್ಯಾಂಗೆ ಡಾಕ್ಟ್ರೆ?"