ಆಫ್‌ವೈಟ್ ಆರಿಸುವ ಮೊದಲು ಅದರ ಪಕ್ಕದಲ್ಲಿ ಏನಿದೆ ನೋಡಿ

ಶೇಡ್ ಕಾರ್ಡಿನಲ್ಲಿ ಆಫ್‌ವೈಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಗೋಡೆಗೆ ಬಿದ್ದ ಮೇಲೆ ಒಂದು ಹಳದಿಗೆ ತಿರುಗುತ್ತದೆ, ಇನ್ನೊಂದು ಗುಲಾಬಿಗೆ, ಮತ್ತೊಂದು ಹಸಿರಿಗೆ. ಆ ಛಾಯೆ ಮೊದಲೇ ಅದರೊಳಗಿತ್ತು, ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಇರಲಿಲ್ಲ ಅಷ್ಟೇ. ನಾಲ್ಕೈದು ಶೇಡ್‌ಗಳನ್ನು ಒಟ್ಟಿಗೆ ಅಚ್ಚಬಿಳಿ ಹಾಳೆಯ ಮೇಲಿಡಿ, ಗುಟ್ಟು ಬಯಲಾಗುತ್ತದೆ.

ಸ್ಯಾಂಪಲ್ಲನ್ನು ಹಳೇ ಗೋಡೆಗೇ ಬಳಿದು ನೋಡುವವರೇ ಜಾಸ್ತಿ. ಸುತ್ತಲಿನ ಹಳೇ ಬಣ್ಣ ಅಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಚೌಕದ ಬೋರ್ಡಿಗೆ ಪ್ರೈಮರ್ ಹಾಕಿ, ಮೇಲೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಲು ಬಿಡಿ. ಆಮೇಲೆ ಅದನ್ನು ಕಿಟಕಿ ಪಕ್ಕ, ಕತ್ತಲೆ ಮೂಲೆ, ಸೋಫಾದ ಹಿಂದೆ ಇಟ್ಟು ಬೆಳಿಗ್ಗೆಯೂ ರಾತ್ರಿಯೂ ನೋಡಿ. ಕೆಂಪು ನೆಲವಿದ್ದರೆ ಗೋಡೆಯ ಕೆಳಭಾಗ ಗುಲಾಬಿಯಾಗುತ್ತದೆ, ಕಿಟಕಿಯಾಚೆ ದಟ್ಟ ಮರವಿದ್ದರೆ ಹಸಿರು ಒಳಗೆ ಬರುತ್ತದೆ. ಬಲ್ಬನ್ನಂತೂ ಬಣ್ಣಕ್ಕಿಂತ ಮೊದಲೇ ತೀರ್ಮಾನಿಸಬೇಕು: 2700 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಬೆಣ್ಣೆಯಂತಿದ್ದ ಗೋಡೆ 6500 ಕೆಲ್ವಿನ್‌ನ ತಣ್ಣನೆಯ ಬಿಳಿ ಬೆಳಕಿನಲ್ಲಿ ಬೂದುಬೂದಾಗಿ ಕಾಣಬಹುದು.

ಸೀಲಿಂಗಿಗೆ ಹೊಳೆಯುವ ಶುದ್ಧ ಬಿಳಿ ಹೊಡೆಸಿದರೆ ಕೆಳಗಿನ ಆಫ್‌ವೈಟ್ ಗೋಡೆ ಕೊಳೆಯಾದಂತೆ ಕಾಣುತ್ತದೆ. ಸೀಲಿಂಗಿಗೂ ಗೋಡೆಯ ಶೇಡನ್ನೇ ಅರ್ಧ ಟಿಂಟ್‌ನಲ್ಲಿ, ಅಂದರೆ ಬಣ್ಣದ ಪ್ರಮಾಣ ಅರ್ಧಕ್ಕಿಳಿಸಿ, ಕಲಸಿಕೊಡಲು ಹೇಳಿ. ಬಾಗಿಲಿಗೆ ಆಯಿಲ್ ಎನಾಮಲ್ ಬೇಡ, ಬೆಳಕು ಬೀಳದ ಕಡೆ ಅದು ಹಳದಿಯಾಗುತ್ತದೆ. ನೀರಿನಲ್ಲಿ ಕಲಸುವ ಎನಾಮಲ್ ಇದಕ್ಕಿಂತ ಎಷ್ಟೋ ಮೇಲು. ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆಫ್‌ವೈಟ್‌ನಲ್ಲಿ ಎದ್ದು ಕಾಣುವುದರಿಂದ, ಕೆಲಸ ಶುರುಮಾಡುವ ಮುಂಚೆ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಒಂದು ಮಾಡಿಕೊಳ್ಳಿ.

ಬಟ್ಟೆಯಲ್ಲಿ ಆಫ್‌ವೈಟನ್ನು ಕೆಡಿಸುವುದು ಡಿಟರ್ಜೆಂಟ್. 'ಹೆಚ್ಚು ಬಿಳುಪು' ಎನ್ನುವ ಪುಡಿಗಳಲ್ಲಿ ಆಪ್ಟಿಕಲ್ ಬ್ರೈಟ್ನರ್ ಇರುತ್ತದೆ. ಅದು ಬಿಸಿಲಿನ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಹೊಮ್ಮಿಸುತ್ತದೆ. ಕೆನೆಬಣ್ಣದ ಹತ್ತಿ ಕುರ್ತಾ ಕೆಲವು ಒಗೆತಗಳಲ್ಲೇ ತಣ್ಣನೆಯ ಬಿಳಿಗೆ ಜಾರುವುದು ಹೀಗೆ. ಬ್ರೈಟ್ನರ್ ಇಲ್ಲದ ದ್ರವ ಸೋಪು ಬಳಸಿ. ರೇಷ್ಮೆ, ಉಣ್ಣೆಗೆ ಕ್ಲೋರಿನ್ ಬ್ಲೀಚ್ ಮುಟ್ಟಿಸಲೇಬೇಡಿ, ಹಳದಿಯಾಗುವುದಲ್ಲದೆ ನೂಲೂ ಹಾಳಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಹಳದಿ ಹತ್ತಬಹುದು. ಹತ್ತಿಬಟ್ಟೆಯಲ್ಲಿ ಸುತ್ತಿಡುವುದು ವಾಸಿ. ತೊಡುವಾಗ ಎರಡು ಆಫ್‌ವೈಟ್‌ಗಳು ಒಂದೇ ಥಾನಿನವಾಗಿರಲಿ, ಇಲ್ಲವೇ ಸ್ಪಷ್ಟವಾಗಿ ಬೇರೆಬೇರೆ ಇರಲಿ. 'ಹತ್ತಿರಹತ್ತಿರ' ಇದ್ದರೆ ಒಂದು ಮಾಸಿದಂತೆ ಕಾಣುತ್ತದೆ.

ಬ್ರ್ಯಾಂಡಿಂಗ್‌ನಲ್ಲಿ ಎಡವುವುದು ಅಕ್ಷರದ ಬಣ್ಣದಲ್ಲಿ. ವೆಬ್‌ನ 'ಲಿನನ್' ಎಂಬ ಆಫ್‌ವೈಟ್ ಆರ್‌ಜಿಬಿಯಲ್ಲಿ, ಅಂದರೆ ಕೆಂಪು, ಹಸಿರು, ನೀಲಿಯ 0ಯಿಂದ 255ರವರೆಗಿನ ಅಳತೆಯಲ್ಲಿ, 250, 240, 230. ಮೂರೂ 119 ಇರುವ ಬೂದು ಅಕ್ಷರ ಶುದ್ಧ ಬಿಳಿಯ ಮೇಲೆ 4.48:1 ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಗಳ ಹೊಳಪಿನ ಅನುಪಾತ) ಕೊಡುತ್ತದೆ, ಲಿನನ್ ಮೇಲೆ ಸುಮಾರು 4:1ಕ್ಕೆ ಇಳಿಯುತ್ತದೆ. ಸಣ್ಣ ಅಕ್ಷರಕ್ಕೆ ಬೇಕಿರುವುದು 4.5:1. ಬೂದನ್ನು 102ಕ್ಕೆ ಇಳಿಸಿದರೆ 5:1 ದಾಟುತ್ತದೆ.

ಮುದ್ರಣದಲ್ಲಿ ಆಫ್‌ವೈಟನ್ನು ಇಂಕಿನಿಂದ ತರುವುದಕ್ಕಿಂತ ಆ ಬಣ್ಣದ ಕಾಗದವನ್ನೇ ಕೊಳ್ಳುವುದು ಲೇಸು. ಇಂಕಿನಲ್ಲಿ ಇಷ್ಟು ತಿಳಿ ಬಣ್ಣವನ್ನು ವಿರಳ ಚುಕ್ಕಿಗಳಿಂದ ತರಬೇಕು; ಎರಡು ಮೂರು ಪರ್ಸೆಂಟಿನ ಆ ಹಳದಿ ಚುಕ್ಕಿಗಳು ಪ್ರೆಸ್ಸಿನಲ್ಲಿ ಅಲ್ಲಲ್ಲಿ ಬಿಟ್ಟುಹೋಗಿ ಪುಟ ಮಚ್ಚೆಮಚ್ಚೆಯಾಗುತ್ತದೆ. ಕಾಗದ ಕೆನೆಬಣ್ಣದ್ದಾದರೆ ನೀಲಿ ಲೋಗೋ ತುಸು ಹಸಿರಿಗೆ ವಾಲುತ್ತದೆ, ಫೋಟೋದಲ್ಲಿನ ಬಿಳಿಯೂ ಕೆನೆಯೇ ಆಗುತ್ತದೆ. ಹಾಗಾಗಿ ಪ್ರೂಫನ್ನು (ಮುದ್ರಣಕ್ಕೆ ಮುಂಚಿನ ಮಾದರಿ ಪ್ರತಿ) ಅದೇ ಕಾಗದದ ಮೇಲೆ ತೆಗೆಸಿ, ಲೋಗೋವನ್ನು ಪಾರದರ್ಶಕ ಹಿನ್ನೆಲೆಯ ಫೈಲಿನಲ್ಲಿ ಕೊಡಿ. ಜೆಪೆಗ್ ಕೊಟ್ಟರೆ ವೆಬ್‌ಸೈಟಿನ ಆಫ್‌ವೈಟ್ ಹಿನ್ನೆಲೆಯಲ್ಲಿ ಅದರ ಸುತ್ತ ಬಿಳಿ ಚೌಕ ಉಳಿಯುತ್ತದೆ.