ನಮ್ಮ ಊರಿನ ‘ಜಿ’ ಎಷ್ಟು?

ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರದ ಪ್ರಯೋಗ ಮಾಡಿಸುತ್ತಿದ್ದ ಸರ್ ತೀರಿಕೊಂಡರೆಂಬ ಸುದ್ದಿ ಬಂದ ರಾತ್ರಿ ನನಗೆ ಮೊದಲು ನೆನಪಾದದ್ದು ಭೌತಶಾಸ್ತ್ರ ಪ್ರಯೋಗಾಲಯದ ಫ್ಯಾನಿನ ಸ್ವಿಚ್ಚು. ಲೋಲಕದ ಪ್ರಯೋಗವಿದ್ದ ದಿನ ಅವರು ಬಂದವರೇ ಅದನ್ನು ಆರಿಸುತ್ತಿದ್ದರು. ಹೊರಗೆ ರಾಯಚೂರಿನ ಬಿಸಿಲು, ಒಳಗೆ ಬೆವರುತ್ತಾ ಆಂದೋಲನ ಎಣಿಸುವ ನಾವು ಹದಿನಾಲ್ಕು ಜನ. ‘ಗಾಳಿಗೆ ಗುಂಡು ಅಲುಗಿದರೆ ನೀವು ಭೂಮಿಯ ಬದಲು ಫ್ಯಾನನ್ನು ಅಳೆಯುತ್ತೀರಿ’ ಎನ್ನುತ್ತಿದ್ದರು.

ಬಿ.ಎಸ್ಸಿ.ಯಲ್ಲಿ ಓದಿದ್ದು ಬಹುಪಾಲು ಮರೆತಿದೆ. ಒಂದು ಜರ್ನಲ್, ಅಂದರೆ ಪ್ರಯೋಗದ ದಾಖಲೆ ಪುಸ್ತಕ, ಮಾತ್ರ ಮರೆತಿಲ್ಲ.

ಒಂದು ದಿನ ಸೆಕೆ ತಾಳಲಾರದೆ ಲೋಲಕದ ಪ್ರಯೋಗ ಬಿಟ್ಟು ಊರಿನ ತೀನ್ ಕಂದೀಲ್ ವೃತ್ತದ ಬಳಿ ಚಹಾ ಕುಡಿಯಲು ಹೋದೆವು. ತರಗತಿಯಲ್ಲಿ ಗಣಿತಕ್ಕೆ ನಾನೇ ಮೊದಲಿಗ. ಲೋಲಕದಿಂದ ಅಳೆಯಬೇಕಿದ್ದ ಗುರುತ್ವ ವೇಗೋತ್ಕರ್ಷ, ಅಂದರೆ ಭೂಮಿಯ ಸೆಳೆತಕ್ಕೆ ಬೀಳುವ ವಸ್ತುವಿನ ವೇಗ ಹೆಚ್ಚುವ ದರವಾದ ‘ಜಿ’, ಸೆಂ.ಮೀ/ಸೆ² ಲೆಕ್ಕದಲ್ಲಿ 980.6 ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ ಎಲ್ಲರಿಗೂ ರೀಡಿಂಗ್ ಬರೆದುಕೊಟ್ಟೆ.

ಸರ್ ಹದಿನಾಲ್ಕೂ ಜರ್ನಲ್‌ಗಳನ್ನು ಮೇಜಿನ ಮೇಲೆ ತೆರೆದಿಟ್ಟರು. ಬೈಯಲಿಲ್ಲ. ‘ಇದನ್ನು ಯಾವ ಊರಿನಲ್ಲಿ ಅಳೆದಿರಿ?’ ಎಂದು ಕೇಳಿದರು. 980.665 ಎಂಬುದು 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿದ ಅಂಕಿ. ಸಮುದ್ರಮಟ್ಟದಲ್ಲಿ, 45 ಡಿಗ್ರಿ ಅಕ್ಷಾಂಶದ ಸುಮಾರಿಗೆ ಸಲ್ಲುವಂಥದ್ದು. ರಾಯಚೂರು ಇರುವುದು 16 ಡಿಗ್ರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲೆ. ಇಲ್ಲಿ ಅದು 978ರ ಆಸುಪಾಸು.

ನನ್ನ ಮುಖ ಇಳಿದುಹೋಯಿತು. ಅವರು ಅಲ್ಲಿಗೂ ಬಿಡಲಿಲ್ಲ. ‘978 ಎಂದು ಬರೆದಿದ್ದರೆ ನಾನು ನಂಬಬೇಕಿತ್ತೇ?’ ನೂರು ಸೆಂಟಿಮೀಟರ್ ಲೋಲಕದ 20 ಆಂದೋಲನಕ್ಕೆ ಸುಮಾರು 40 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು 0.2 ಸೆಕೆಂಡು ತಡ ಮಾಡಿದರೆ ಕಾಲದಲ್ಲಿ ಶೇಕಡಾ ಅರ್ಧದಷ್ಟು ತಪ್ಪು. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಉತ್ತರದಲ್ಲಿ ಶೇಕಡಾ ಒಂದರಷ್ಟು, ಅಂದರೆ ಸುಮಾರು 10. ಆ ಗಡಿಯಾರದಿಂದ 978ನ್ನೂ 980ನ್ನೂ ಬೇರ್ಪಡಿಸಲು ಯಾರಿಂದಲೂ ಆಗದು. ‘ನಿಮಗೆ ಗೊತ್ತೇ ಇಲ್ಲದ್ದನ್ನು ದಶಾಂಶ ಸಮೇತ ಬರೆದಿದ್ದೀರಿ’ ಎಂದರು. ಆ ಮಾತು ಏಟಿಗಿಂತ ಜೋರಾಗಿ ತಾಗಿತು.

ಮರುದಿನ ಮತ್ತೆ ಅಳೆದೆ. 40.3 ಸೆಕೆಂಡು, ಉತ್ತರ 972. ಅಳುಕುತ್ತಲೇ ತೋರಿಸಿದೆ. ಪಕ್ಕದಲ್ಲಿ ಕೆಂಪು ಶಾಯಿಯಿಂದ ‘± 10’ (ಹತ್ತರಷ್ಟು ಹೆಚ್ಚುಕಡಿಮೆ) ಎಂದು ಸೇರಿಸಿ ಪೂರ್ಣ ಅಂಕ ಕೊಟ್ಟರು.

ಈಗ ನಾನು ಕಲ್ಲಿದ್ದಲಿನ ಶಾಖಮೌಲ್ಯ ಅಳೆಯುವ ಪ್ರಯೋಗಾಲಯವೊಂದರ ಮುಖ್ಯಸ್ಥ. ನನ್ನ ಸಹಿಯಿದ್ದ ವರದಿ ಒಂದೂ ತಿರಸ್ಕೃತವಾಗಿಲ್ಲ ಎಂಬ ಹೆಮ್ಮೆ ನನಗಿದೆ. ಕೆಲಸಕ್ಕೆ ಬರುವ ಪದವೀಧರರನ್ನು ‘ಈ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು?’ ಎಂದು ಕೇಳಿದರೆ ರ‍್ಯಾಂಕ್ ಪಡೆದವರೂ ತಡವರಿಸುತ್ತಾರೆ. ತಪ್ಪು ಆ ಮಕ್ಕಳದಲ್ಲ. ಸೆಮಿಸ್ಟರ್ ಓಡುತ್ತಿರುತ್ತದೆ, ವೈವಾಕ್ಕೆ ಸಿದ್ಧ ಪ್ರಶ್ನೋತ್ತರ ಸಿಗುತ್ತದೆ, ಪುಸ್ತಕದ ಉತ್ತರ ಬಂದರೆ ಅಂಕವೂ ಬರುತ್ತದೆ. ಹೀಗಿರುವಾಗ ಯಾರು ತಾನೇ 972 ಎಂದು ಬರೆದಾರು?

ನಮ್ಮ ಕಾಲೇಜಿನ ಪ್ರಾಂಶುಪಾಲರಲ್ಲಿ ಒಂದು ಬೇಡಿಕೆ. ಉತ್ತರ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪ್ರಯೋಗವನ್ನು ವರ್ಷಕ್ಕೊಮ್ಮೆಯಾದರೂ, ಸರ್ ಹೆಸರಿನಲ್ಲಿ, ಮಕ್ಕಳಿಂದ ಮಾಡಿಸಿ. ಆ ದಿನ ನಾನು ರಜೆ ಹಾಕಿ ಬರುತ್ತೇನೆ. ಫ್ಯಾನ್ ಆರಿಸುವ ಕೆಲಸ ನನಗಿರಲಿ.