ಮೈಲು ಇದೆ, ಸೀಟು ಎಲ್ಲಿ?

ಕ್ರೆಡಿಟ್ ಕಾರ್ಡಿನ ಪಾಯಿಂಟ್ ಒಮ್ಮೆ ಏರ್‌ಲೈನ್ ಮೈಲಾಯಿತು (ಟಿಕೆಟ್ಟಿಗೆ ಕೊಡಬಹುದಾದ ಏರ್‌ಲೈನಿನದೇ ಪಾಯಿಂಟ್) ಅಂದ್ರೆ ಸಾಮಾನ್ಯವಾಗಿ ವಾಪಸ್ ಬರಲ್ಲ. ಅದಕ್ಕೇ ಮೊದಲು ಸೀಟು, ಆಮೇಲೆ ವರ್ಗಾವಣೆ. ಬಹಳಷ್ಟು ಜನ ಮಾಡೋದು ಉಲ್ಟಾ.

ಅವಾರ್ಡ್ ಸೀಟುಗಳು, ಅಂದರೆ ಮೈಲು ಕೊಟ್ಟು ಪಡೆಯೋ ಸೀಟುಗಳು, ಹೆಚ್ಚಾಗಿ ತೆರೆಯೋದು ಪ್ರಯಾಣಕ್ಕೆ 330ರಿಂದ 360 ದಿನ ಮುಂಚೆ. ಮಾರಾಟವಾಗದೆ ಉಳಿದವು ಕೊನೆಯ ಒಂದೆರಡು ವಾರದಲ್ಲಿ ಬರೋದೂ ಉಂಟು. ಪೂರ್ತಿ ದಾರಿ ಸಿಗದಿದ್ದರೆ ಒಂದೊಂದೇ ಹಂತ ಹುಡುಕಿ, ನಾಲ್ವರಿಗೆ ಇಲ್ಲ ಅಂದರೆ ಇಬ್ಬರಿಗೆ ಕೇಳಿ ನೋಡಿ. ಪಾಲುದಾರ ಏರ್‌ಲೈನಿನ ಸೀಟು ಪರದೆ ಮೇಲೆ ಕಂಡ ಮಾತ್ರಕ್ಕೆ ನಂಬಬೇಡಿ. ಹಳೇ ಮಾಹಿತಿ ಅಳಿಯದೆ ಉಳಿದಿರುತ್ತೆ, ಬುಕ್ ಮಾಡಲು ಹೋದರೆ ಎರರ್. ಅದೇ ಒಕ್ಕೂಟದ (ಪರಸ್ಪರ ಪಾಲುದಾರರಾದ ಏರ್‌ಲೈನ್‌ಗಳ ಗುಂಪು) ಇನ್ನೊಂದು ಏರ್‌ಲೈನ್ ಸೈಟಲ್ಲೂ ಕಾಣುತ್ತಾ ಅಂತ ತಾಳೆ ನೋಡಿ.

'ಫ್ರೀ ಟಿಕೆಟ್' ಅನ್ನೋದಂತೂ ಶುದ್ಧ ಸುಳ್ಳು. ತೆರಿಗೆ, ಸರ್‌ಚಾರ್ಜ್ ಕೈಯಿಂದಲೇ. ಲಂಡನ್ನಿನಿಂದ ಹೊರಡುವ ಅವಾರ್ಡ್ ಟಿಕೆಟ್ಟಿಗೂ ಬ್ರಿಟನ್ನಿನ ಪ್ರಯಾಣಿಕ ಸುಂಕ ತಪ್ಪಲ್ಲ, ಬಿಸಿನೆಸ್ ಕ್ಲಾಸಿಗೆ ಇನ್ನೂ ಜಾಸ್ತಿ. ನಗದು ದರದಿಂದ ಈ ಖರ್ಚು ಕಳೆದು, ಉಳಿದದ್ದನ್ನು ಮೈಲುಗಳಿಂದ ಭಾಗಿಸಿ. ಒಂದು ಮೈಲಿನ ನಿಜವಾದ ಬೆಲೆ ಅದು.

ಯೋಚಿಸಿದರೆ, ಮೈಲು ಅನ್ನೋದು ಏರ್‌ಲೈನ್ ತಾನೇ ಅಚ್ಚು ಹಾಕಿ ತಾನೇ ಮೌಲ್ಯ ಇಳಿಸುವ ನೋಟು. ವರ್ಷಗಟ್ಟಲೆ ಕೂಡಿಡೋದರಲ್ಲಿ ಹುರುಳಿಲ್ಲ.

ಹಾಂ, ಕಾರ್ಡ್ ಖಾತೆಯಲ್ಲೂ ಏರ್‌ಲೈನ್ ಖಾತೆಯಲ್ಲೂ ಹೆಸರು ಒಂದೇ ಥರ ಇರಲಿ. ಇನಿಶಿಯಲ್ ವ್ಯತ್ಯಾಸಕ್ಕೇ ವರ್ಗಾವಣೆ ನಿಂತುಬಿಡಬಹುದು, ಅದು ಸರಿಹೋಗುವಷ್ಟರಲ್ಲಿ ಸೀಟು ಬೇರೆಯವರ ಪಾಲು.